ಯಂತ್ರಕ್ಕೆ ಬಗ್ಗದ ಜೇನು

ನಮ್ಮ ಹಿತ್ತಿಲಲ್ಲಿ ಈಗ ಐದು ತುಡುವೆ ಪೆಟ್ಟಿಗೆಗಳಿವೆ. ತಂದೆಯವರ ಕಾಲದಲ್ಲಿ ಇನ್ನೂ ಹೆಚ್ಚಿದ್ದವು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಹಬ್ಬಿ, ಮರಿಹುಳುಗಳು ನೀರು ತುಂಬಿದ ಚೀಲಗಳಂತಾಗಿ ಸತ್ತವು. ಖಾಲಿ ಪೆಟ್ಟಿಗೆಗಳಲ್ಲಿ ಅಮ್ಮ ಬಹಳ ವರ್ಷ ಗೆರಟೆ ತುಂಬಿಡುತ್ತಿದ್ದರು.

ಈ ವರ್ಷ ಮಾರ್ಚಿನಲ್ಲಿ ಸಿಕ್ಕಿದ ಜೇನು ವಿಪರೀತ ಮಂದ. ಮೂಡುದಿಕ್ಕಿನ ಗುಡ್ಡವೆಲ್ಲ ಈಗ ರಬ್ಬರು. ರಬ್ಬರಿನ ಜೇನೆಂದರೆ ಹೂವಿನದಲ್ಲ. ಎಲೆ ಉದುರಿ ಹೊಸ ಚಿಗುರು ಬರುವಾಗ, ಮೂರು ಎಲೆಗಳು ಕೂಡುವ ತೊಟ್ಟಿನ ತುದಿಯಲ್ಲಿ ಒಸರುವ ಸಿಹಿ. ಅದರಲ್ಲಿ ಗ್ಲೂಕೋಸ್ ಹೆಚ್ಚು, ಬೇಗ ಹರಳುಗಟ್ಟುತ್ತದೆ. ಬೇಲಿಯಾಚೆಯ ಚೇಚಿ ಬಾಟ್ಲಿಯ ತಳ ನೋಡಿ, “ಮಾಷೇ, ಇದ್ ಶರ್ಕರಪ್ಪಾನಿಯಾಣೋ?” ಎಂದರು. ಬೆಲ್ಲದ ಪಾಕವಲ್ಲವೆಂದು ನಂಬಿಸಲು ನನ್ನ ಮಲಯಾಳವೆಲ್ಲ ಖರ್ಚಾಯಿತು! ಹರಳುಗಟ್ಟಿದರೆ ಕಲಬೆರಕೆ ಎಂಬ ಮಾತು ಮಾತ್ರ ಎರಡು ಭಾಷೆಯಲ್ಲೂ ಒಂದೇ.

ಮೇಣದ ಮುಚ್ಚಳ ಪೂರ್ತಿ ಬಿದ್ದ ಎರಿಗಳನ್ನೇ ತೆಗೆದಿದ್ದೆ. ಮುಚ್ಚುವ ಮೊದಲು ನೊಣಗಳು ರೆಕ್ಕೆ ಬೀಸಿ ನೀರಂಶ ಆರಿಸುತ್ತವೆ. ಹಾಗೆ ಪಕ್ವವಾದದ್ದು ಹುಳಿಯುವುದಿಲ್ಲ. ಆದರೆ ಕೈಯಂತ್ರದಲ್ಲಿ ಎಷ್ಟು ತಿರುಗಿಸಿದರೂ ಅರ್ಧ ಜೇನು ಎರಿಯಲ್ಲೇ ಕೂತಿತು. ಬೆಂಗಳೂರಿನಿಂದ ರಜೆಗೆ ಬಂದ ಮಗ, “ಅಪ್ಪ, ಹಿಂಡಿಬಿಡುವ, ಎಷ್ಟು ಹೊತ್ತು ಇದು?” ಎಂದ.

ಹಿಂಡಿದರೆ ಎರಿ ಹೋಯಿತು. ಜೂನಿನಿಂದ ನಮ್ಮಲ್ಲಿ ಹೂವು ಕಡಿಮೆ, ಹೊರಗೆ ಬಿಡದ ಮಳೆ. ಆಗ ಹೊಸ ಎರಿ ಕಟ್ಟಲು ಮೇಣಕ್ಕೆ ಜೇನನ್ನೇ ಸುಡಬೇಕು. ಹಸಿದ ತುಡುವೆ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಗೆರಟೆ ತುಂಬಿದ ಪೆಟ್ಟಿಗೆ ಕಂಡವನಿಗೆ ಆ ಧೈರ್ಯ ಬರುವುದಿಲ್ಲ.

ಮರುದಿನ ಉಳಿದ ಎರಿಗಳನ್ನು ನಡು ಮಧ್ಯಾಹ್ನ ತೆಗೆದೆವು. ಗೂಡಿನ ಬಿಸಿ, ಮರಿಗಳಿರುವಲ್ಲಿ ಸುಮಾರು 35 ಡಿಗ್ರಿ, ಆರುವ ಮೊದಲೇ ಯಂತ್ರಕ್ಕಿಟ್ಟು, ಒಂದು ಮಗ್ಗುಲು ಸ್ವಲ್ಪ, ಮಗುಚಿ ಇನ್ನೊಂದು ಸ್ವಲ್ಪ, ಪುನಃ ಮೊದಲಿನದು. ಜೋರು ತಿರುಗಿಸಿದರೆ ತುಡುವೆಯ ಎರಿ ಹಪ್ಪಳದಂತೆ ಮುರಿಯುತ್ತದೆ. ಮುಚ್ಚಳದ ಮೇಣವನ್ನು ಬೈರಾಸಿನಲ್ಲಿ ಕಟ್ಟಿ ಪಾತ್ರೆಯ ಮೇಲೆ ತೂಗಿಸಿದೆವು. ಅದು ರಾತ್ರಿಯಿಡೀ ತೊಟ್ಟಿಕ್ಕಿತು. ಒಲೆಯ ಮೇಲಿಡುವ ಸಲಹೆಯೂ ಬಂತು. ಕಾಯಿಸಿದರೆ ತೆಳ್ಳಗಾಗುತ್ತದೆ ನಿಜ, ಪರಿಮಳವೂ ಹೋಗುತ್ತದೆ.

ಎರಡು ಎರಿಗಳಲ್ಲಿ ಜೇನು ಆಗಲೇ ಹರಳುಗಟ್ಟಿತ್ತು. ಅವನ್ನು ಹಾಗೆಯೇ ಪೆಟ್ಟಿಗೆಗೆ ಹಿಂದೆ ಇಟ್ಟೆ. ಮಗನಿಗೆ ಅಸಮಾಧಾನ, ಬೆಂಗಳೂರಿಗೆ ಹೋಗುವ ಚೀಲದಲ್ಲಿ ಒಂದು ಬಾಟ್ಲಿ ಕಡಿಮೆಯಾಯಿತು.