ಮಾಗೋಡಿನ ನೀರು, ಶಿರಸಿಯ ಲೆಕ್ಕ

ಯಲ್ಲಾಪುರದಿಂದ ಸುಮಾರು 20 ಕಿ.ಮೀ. ದೂರದ ಮಾಗೋಡಿಗೆ ಮಳೆಗಾಲ ಮುಗಿಯುತ್ತಿದ್ದಂತೆ ಶಾಲಾ ಪ್ರವಾಸದ ಬಸ್ಸುಗಳು ಬರತೊಡಗುತ್ತವೆ. ಜಲಪಾತದ ಬುಡಕ್ಕೆ ಯಾರೂ ಇಳಿಯುವುದಿಲ್ಲ. ಕಣಿವೆಯ ಈಚೆ ದಡದಲ್ಲಿ ನಿಂತು, ಎದುರು ಬಂಡೆಯ ಮೇಲಿಂದ ಬೇಡ್ತಿ ನದಿ ಸುಮಾರು 200 ಮೀಟರ್ ಆಳಕ್ಕೆ ಎರಡು ನೆಗೆತದಲ್ಲಿ ಬೀಳುವುದನ್ನು ನೋಡಬೇಕು. ಧಾರವಾಡ, ಹುಬ್ಬಳ್ಳಿಯ ಬಯಲಲ್ಲಿ ಹುಟ್ಟಿದ ಹಳ್ಳಗಳು ಕೂಡಿ ಆದ ನದಿಯಿದು. ಘಟ್ಟ ಇಳಿದ ಮೇಲೆ ಗಂಗಾವಳಿ ಎಂದು ಹೆಸರು ಬದಲಿಸಿಕೊಂಡು, ಗೋಕರ್ಣದ ಉತ್ತರಕ್ಕೆ ಸಮುದ್ರ ಸೇರುತ್ತದೆ.

ಫೋಟೊ ತೆಗೆಸಿಕೊಳ್ಳುವ ಮಕ್ಕಳಿಗೆ ಮಾತ್ರ ಒಂದು ಸಂಗತಿ ಗೊತ್ತಿರುವುದಿಲ್ಲ. 1970ರ ದಶಕದ ಕೊನೆಯಲ್ಲಿ ಇದೇ ನದಿಗೆ ಅಣೆಕಟ್ಟು ಕಟ್ಟಿ, 210 ಮೆಗಾವ್ಯಾಟ್ ವಿದ್ಯುತ್ ಪಡೆಯಲು ಸರ್ಕಾರ ಹೊರಟಿತ್ತು. ಅದನ್ನು ತಡೆದದ್ದರಲ್ಲಿ ದೊಡ್ಡ ಪಾಲು ಒಂದು ಲೆಕ್ಕದ್ದು.

ಆ ಲೆಕ್ಕ ಹುಟ್ಟಿದ ಊರು ಶಿರಸಿ. ಯಲ್ಲಾಪುರದಿಂದ ಅಲ್ಲಿಗೆ ಹೋಗುವ ರಸ್ತೆ ನಡುವೆ ಬೇಡ್ತಿಯನ್ನು ದಾಟುತ್ತದೆ. ಇಕ್ಕೆಲದಲ್ಲೂ ಅಡಿಕೆ ತೋಟ, ತೋಟದ ನೆತ್ತಿಗೆ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬುದು ಇಲ್ಲಿನ ಹಳೆಯ ಸವಲತ್ತು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಿಕೆಯ ಬುಡಕ್ಕೆ. ಕಾಡು ಹೋದರೆ ತೋಟವೂ ಹೋದಂತೆ ಎಂಬುದನ್ನು ಇಲ್ಲಿಯವರಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ.

ಶಿರಸಿ ಪೇಟೆಯಲ್ಲಿ ಅಡಿಕೆ ಮಾರಾಟದ ಹೊತ್ತಿಗೆ ಹೋದರೆ ಚಾಲಿ, ರಾಶಿ, ಬೆಟ್ಟೆ, ಬಿಳೇಗೋಟು, ಕೆಂಪುಗೋಟು ಎಂದು ಬೇರೆ ಬೇರೆ ಮಾಡಿಟ್ಟ ಅಡಿಕೆ ಕಾಣುತ್ತದೆ. ಪ್ರತಿಯೊಂದಕ್ಕೂ ಬೇರೆಯೇ ದರ. ರೂಪಾಯಿ ಹೆಚ್ಚುಕಡಿಮೆಯಾದರೂ ರೈತ ಕೇಳದೆ ಬಿಡುವುದಿಲ್ಲ. 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘ ಇಂಥ ಲೆಕ್ಕಕ್ಕೆ ಹೆಸರಾದದ್ದು. ಬೇಡ್ತಿ ಯೋಜನೆ ಬಂದಾಗ ಇದೇ ಸಂಘ ಸರ್ಕಾರದ ಲಾಭ–ನಷ್ಟದ ಲೆಕ್ಕವನ್ನು ಎದುರಿಗಿಟ್ಟುಕೊಂಡು ಕೂತಿತು. ಮುಳುಗುವ ಕಾಡಿಗೆ, ತೋಟಕ್ಕೆ, ಸೊಪ್ಪಿಗೆ, ಸೌದೆಗೆ, ಮೇವಿಗೆ ಬೆಲೆ ಕಟ್ಟುವುದಾದರೆ ಎಷ್ಟು? ಅದನ್ನೂ ನಷ್ಟದ ಕಡೆ ಬರೆದರೆ ಯೋಜನೆ ಲಾಭದ್ದೇ? ಹೈಸ್ಕೂಲಿನ ಗಣಿತದಲ್ಲಿ ಎಲ್ಲರೂ ಮಾಡುವ ಲೆಕ್ಕವೇ, ಆದರೆ ಬಿಟ್ಟುಹೋದ ಅಂಕಿ ಯಾವುದೆಂದು ಊರಿನವರಿಗೆ ಗೊತ್ತಿತ್ತು. ಲಾಭಕ್ಕಿಂತ ನಷ್ಟವೇ ಹೆಚ್ಚು ಎಂದು ಅವರು ತೋರಿಸಿದರು.

1981ರಲ್ಲಿ ಶಿರಸಿಯಲ್ಲಿ ಕಾರ್ಯಾಗಾರ ನಡೆಯಿತು. ವಿಜ್ಞಾನಿಗಳು ಮತ್ತು ಪಂಚೆಯುಟ್ಟ ಕೃಷಿಕರು ಒಂದೇ ಸಭೆಯಲ್ಲಿ ಕೂತು ಚರ್ಚಿಸಿದರು. ಅಲ್ಲಿನ ಮಾತುಕತೆ ಪುಸ್ತಕವಾಗಿ ಹೊರಬಂದು, ದೊಡ್ಡ ಅಣೆಕಟ್ಟುಗಳನ್ನು ಕುರಿತ ಚರ್ಚೆ ಜಿಲ್ಲೆಯ ಗಡಿ ದಾಟಿತು. ಮುಂದೆ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಈ ಕಾಡಿನ ಸೀಮೆಯಲ್ಲೇ 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ‘ಅಪ್ಪಿಕೋ’ ಚಳವಳಿಗೆ ನಾಂದಿ ಹಾಡಿದರು. ಅದು ಪಠ್ಯಪುಸ್ತಕ ಸೇರಿತು. ಲೆಕ್ಕದ ಕತೆ ಸೇರಲಿಲ್ಲ. ಅಪ್ಪಿಕೊಂಡ ಮರದ ಚಿತ್ರ ಬರೆಯಬಹುದು, ಕೂಡಿ ಕಳೆದ ಕಾಗದದ ಚಿತ್ರ ಬರೆಯುವುದು ಹೇಗೆ?

ಎಲ್ಲ ಹೋರಾಟವೂ ಗೆದ್ದಿತೆಂದಲ್ಲ. ಇದೇ ಜಿಲ್ಲೆಯ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬೇಡವೆಂದು ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಊರೂರು ತಿರುಗಿದರು, 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿ ಸೋತರು. ಸ್ಥಾವರ 2000ದಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆಗೆ ತೊಡಗಿತು.

ಬೇಡ್ತಿಯ ಕಾಲದಲ್ಲಿ ಯೋಜನಾ ವರದಿಯನ್ನು ಕೇಳಿ ಪಡೆಯುವ ಹಕ್ಕೇ ಜನರಿಗಿರಲಿಲ್ಲ. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾದದ್ದು 1997ರಲ್ಲಿ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಜಿಲ್ಲಾಧಿಕಾರಿ ಕಚೇರಿಯಲ್ಲಿ ವರದಿಯ ಕರಡು ಓದಲು ಸಿಗಬೇಕು. ಸಭೆಯ ನಡಾವಳಿಯನ್ನು ಅಲ್ಲಿಯೇ, ಜನರ ಭಾಷೆಯಲ್ಲಿ ಓದಿ ಹೇಳಬೇಕು. ಪತ್ರಿಕೆಯ ಒಳಪುಟದ ಮೂಲೆಯ ಆ ಸಣ್ಣ ಅಕ್ಷರದ ಪ್ರಕಟಣೆಯನ್ನು ಮಕ್ಕಳಿಂದ ಒಮ್ಮೆ ಗಟ್ಟಿಯಾಗಿ ಓದಿಸಿದರೆ ಪೌರನೀತಿಯ ಒಂದು ಅಧ್ಯಾಯ ಮುಗಿಯುತ್ತದೆ.

ಬೇಡ್ತಿಯ ಮಾತು ಇನ್ನೂ ಮುಗಿದಿಲ್ಲ. ಅದರ ನೀರನ್ನು ವರದಾ ನದಿಗೆ ಹರಿಸುವ ಯೋಜನೆಯ ವಿರುದ್ಧ 2022ರಲ್ಲಿ ಮಂಚಿಕೇರಿಯಲ್ಲಿ ಮತ್ತೆ ಜನ ಸೇರಿದರು. ಆದರೆ ಈ ಸಲ ಎದುರಿಗಿರುವುದು ಸರ್ಕಾರವೊಂದೇ ಅಲ್ಲ. ಘಟ್ಟದ ಆಚೆ ಬಯಲುಸೀಮೆಯ ರೈತರೂ ನೀರು ಬೇಕೆಂದು ಕೇಳುತ್ತಿದ್ದಾರೆ. ಅವರ ಬಾವಿಗೂ ಬೆಳೆಗೂ ಒಂದು ಲೆಕ್ಕವಿದೆ, ಮತ್ತು ಅದನ್ನು ಶಿರಸಿಯವರೂ ಓದಲೇಬೇಕಾಗಿದೆ.