ಎರೆಯ ನಾಡಿನ ಓಟದ ಬಯಲು

ಕಲಘಟಗಿಯಿಂದ ಮೂಡಣಕ್ಕೆ ನವಲಗುಂದದವರೆಗೆ ಪ್ರವಾಸ ಮಾಡುವವರಿಗೆ, ಮಲೆನಾಡಿನ ಸೆರಗು ಮೆಲ್ಲನೆ ಸರಿದು, ಕಣ್ಣು ಹರಿಯುವಷ್ಟು ದೂರ ಎರೆಭೂಮಿಯೇ ಹಬ್ಬಿರುವುದು ಕಾಣುವುದು. ಹೆಸರಿನ ರಾಶಿ ಮುಗಿದು ದಸರೆ ಸಮೀಪಿಸುತ್ತಿದ್ದ ದಿನಗಳಲ್ಲಿ ನಾವು ಈ ದಾರಿ ಹಿಡಿದೆವು. ತಾಲೂಕಿನ ದಸರಾ ಕ್ರೀಡಾಕೂಟವನ್ನು ನೋಡುವುದು ನಮ್ಮ ಉದ್ದೇಶವಾಗಿತ್ತು. ತಾಲೂಕಿನಲ್ಲಿ ಗೆದ್ದವರು ಜಿಲ್ಲೆಗೂ, ಅಲ್ಲಿ ಗೆದ್ದವರು ಬೆಳಗಾವಿ ವಿಭಾಗಕ್ಕೂ, ಕಡೆಗೆ ಮೈಸೂರಿಗೂ ಹೋಗುವ ಪದ್ಧತಿಯುಂಟು.

ಜೋಳ, ಹತ್ತಿಗಳಿಗೆ ತಾಯಿಯಂತಿರುವ ಎರೆಯ ಮಣ್ಣು ಓಟಗಾರರನ್ನು ಮಾತ್ರ ಕಾಡಿಸುವುದು. ಹನಿ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುವುದು. ಒಣಗಿದರೆ ಬಿರುಕು ಬಿಡುವುದು. ಆದ್ದರಿಂದಲೇ ಪಟಾಂಗಣಕ್ಕೆ ಗರಸು ಹಾಸಿ, ಅದರ ಮೇಲೆ ಸುಣ್ಣದ ಗೆರೆಗಳನ್ನು ಎಳೆದಿದ್ದರು.

ಓಟದ ಪ್ರತಿಯೊಂದು ಪಟ್ಟಿಯ ಅಗಲ 1.22 ಮೀಟರು. ಒಂದು ಸುತ್ತಿಗೆ ಹೊರಪಟ್ಟಿಯವನು ತನ್ನ ಒಳಮಗ್ಗುಲಿನವನಿಗಿಂತ ಸುಮಾರು 7.67 ಮೀಟರು ಹೆಚ್ಚು ಓಡಬೇಕಾಗುವುದರಿಂದ, ಅವನನ್ನು ಅಷ್ಟು ಮುಂದೆ ನಿಲ್ಲಿಸುವರು. ಇದನ್ನು ಕಂಡ ಮುದುಕರೊಬ್ಬರು, "ಇದೇನ್ರೀ ಮಾಸ್ತರ, ಒಬ್ಬಾಂವ ಮುಂದ, ಒಬ್ಬಾಂವ ಹಿಂದ? ಇದು ನ್ಯಾಯ ಏನು?" ಎಂದು ಕೇಳಿದರು. "ಅಜ್ಜಾರ, ಹಂತಿ ಹೊಡಿಯೂ ಮುಂದ ಮೇಟಿ ಬಾಜೂಕಿನ ಎತ್ತಿಗಿಂತ ಹೊರಗಿನ ಎತ್ತು ಹೆಚ್ಚು ನಡೀತದಲ್ರೀ? ಇದೂ ಹಂಗ" ಎಂದರು ಮಾಸ್ತರರು. ಮುದುಕರು ತಲೆದೂಗಿ ಕುಳಿತರು.

ಹೆಣ್ಣುಮಕ್ಕಳ 1500 ಮೀಟರಿನ ಓಟದಲ್ಲಿ ಬರಿಗಾಲಿನ ಹುಡುಗಿಯೊಬ್ಬಳು ಮೊದಲಿಗಳಾದಳು. ಆದರೆ ಅವಳ ಮುಖದಲ್ಲಿ ಹರ್ಷಕ್ಕಿಂತ ಚಿಂತೆಯೇ ಹೆಚ್ಚಾಗಿತ್ತು. ಹೊಲದಲ್ಲಿ ಕಳೆ ತುಂಬಿರುವಾಗ ಧಾರವಾಡಕ್ಕೆ ಹೋಗುವುದೆಂತು? ಬುತ್ತಿಯ ಗಂಟು ಹಿಡಿದು ಬಂದಿದ್ದ ತಾಯಿ, "ಮೆಣಸಿನಗಿಡದಾಗಿನ ಕಳೆ ನಾ ತಗೀತೇನಿ, ನೀ ಹೋಗಿ ಓಡಿ ಬಾ" ಎಂದಳು. ಅಂದಿನ ಬಹುಮಾನಗಳಲ್ಲೆಲ್ಲ ಇದೇ ದೊಡ್ಡದೆಂದು ನಮಗೆ ತೋರಿತು.

ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ರೈತರು ಬರಿಗಾಲಿನಿಂದ ಓಡುವುದನ್ನು ಕಂಡು ದೊರಾಬ್ಜಿ ತಾತಾ ಅವರು ನಮ್ಮವರನ್ನು ಒಲಿಂಪಿಕ್ ಪಂದ್ಯಗಳಿಗೆ ಕಳುಹಿಸಲು ಮುಂದಾದರು. ಹಾಗೆ ಹೋದ ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರಲ್ಲಿ ಆಂಟ್‌ವರ್ಪ್ ನಗರದ ಮ್ಯಾರಥಾನಿನಲ್ಲಿ 42.75 ಕಿಲೋಮೀಟರು ಓಡಿ 19ನೆಯವರಾದರು. ಕಾಲಿನ ಕಸುವು ನಮ್ಮ ನಾಡಿಗೆ ಹೊಸದಲ್ಲ. ಅದು ಊರಿನ ಸೀಮೆ ದಾಟಬೇಕಾದರೆ ಮನೆಯಲ್ಲಿ ಯಾರಾದರೂ ಅಷ್ಟುದಿನ ಕುಡುಗೋಲನ್ನು ತಮ್ಮ ಕೈಗೆ ತೆಗೆದುಕೊಳ್ಳಬೇಕು. ಗೃಹಸ್ಥರಾದ ವಾಚಕರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವರೆಂದು ನಂಬುತ್ತೇವೆ.