ರಾಮನ್ ಮಾತಾಡಿದ ಊರಿನಲ್ಲಿ

ಬೆಂಗಳೂರಿಗೆ ಹೋಗುವ ನಮ್ಮವರು ಲಾಲ್‌ಬಾಗ್ ನೋಡುತ್ತಾರೆ, ಶಿವಾಜಿನಗರದಲ್ಲಿ ಬಟ್ಟೆಬರೆ ಕೊಳ್ಳುತ್ತಾರೆ, ಸಂಜೆಯ ರೈಲಿಗೆ ಮರಳುತ್ತಾರೆ. ಅದೇ ಊರಿನಲ್ಲಿ ದೊಡ್ಡ ವಿಜ್ಞಾನಿಗಳು ಜನಸಾಮಾನ್ಯರ ಎದುರು ನಿಂತು ಮಾತಾಡುತ್ತಾರೆ, ಅದಕ್ಕೆ ಟಿಕೆಟ್ ಇಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಈ ರೂಢಿ ಇಲ್ಲಿ ಹಳೆಯದು. ಮೆಟ್ರೋದಿಂದ ಸೆಂಟ್ರಲ್ ಕಾಲೇಜಿನ ಬಳಿ ಇಳಿದರೆ ಹಳೆಯ ಕಲ್ಲುಕಟ್ಟಡಗಳು ಕಾಣುತ್ತವೆ. 1928ರ ಫೆಬ್ರವರಿ 28ರಂದು ಕಲ್ಕತ್ತಾದಲ್ಲಿ ಕಂಡುಹಿಡಿದುದನ್ನು ಸರ್ ಸಿ.ವಿ. ರಾಮನ್ ಮಾರ್ಚ್ 16ರಂದು ಈ ಕಾಲೇಜಿನ ವಿಜ್ಞಾನ ಸಂಘವೂ ಸೇರಿ ಕರೆದಿದ್ದ ಸಭೆಯಲ್ಲಿ ವಿವರಿಸಿದರು. ನನ್ನ ಲೆಕ್ಕದಂತೆ ಅದು ಹಿಜರಿ 1346ರ ರಮಝಾನಿನ ಕೊನೆಯ ಹತ್ತರಲ್ಲಿ ಬಂದ ಶುಕ್ರವಾರ. ಒಂದೇ ಬಣ್ಣದ ಬೆಳಕನ್ನು ದ್ರವದೊಳಗೆ ಹಾಯಿಸಿದರೆ, ಚದುರಿ ಹೊರಬರುವ ಬೆಳಕಿನಲ್ಲಿ ಅಲ್ಪಸ್ವಲ್ಪ ಬಣ್ಣ ಬದಲಾಗಿರುತ್ತದೆ ಎಂಬುದು ಅವರ ಶೋಧ. 1930ರಲ್ಲಿ ಅದಕ್ಕೆ ನೊಬೆಲ್ ಬಂತು.

ಬೆಳಕಿನ ಬಗ್ಗೆ ಕಿತಾಬುಲ್ ಮನಾಝಿರ್ ಬರೆದ ಇಬ್ನುಲ್ ಹೈಸಮ್‌ರ ಹೆಸರನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅವರ ನಂತರ ಆ ವಿದ್ಯೆ ಎಲ್ಲಿಯವರೆಗೆ ಬಂದಿದೆಯೆಂದು ತಿಳಿಯಲು ನಮ್ಮಲ್ಲಿ ಎಷ್ಟು ಮಂದಿ ಹೋಗುತ್ತಾರೆ?

ಮೇಖ್ರಿ ಸರ್ಕಲ್ ಬಳಿಯ ರಾಮನ್ ಸಂಶೋಧನಾ ಸಂಸ್ಥೆ 1948ರದು. ಪ್ರತಿವರ್ಷ ಅಕ್ಟೋಬರ್ 2ರಂದು ಗಾಂಧೀಜಿಯ ನೆನಪಿನಲ್ಲಿ ರಾಮನ್ ಅಲ್ಲಿ ತಾವೇ ಉಪನ್ಯಾಸ ನೀಡುತ್ತಿದ್ದರು. 1970ರಲ್ಲಿ ಕಿವಿ ಶಬ್ದವನ್ನು ಗ್ರಹಿಸುವ ಬಗೆ ಕುರಿತು ಮಾತಾಡಿದರು. ನವೆಂಬರ್ 21ರಂದು ತೀರಿಕೊಂಡರು. ಆ ತೋಟದಲ್ಲಿ ಅವರಿಗೆ ಕಲ್ಲಿನ ಸ್ಮಾರಕವಿಲ್ಲ, ಒಂದು ಮರವಿದೆ.

ಈಗ ನೆಹರು ತಾರಾಲಯದಲ್ಲೂ ಇಂಥ ಉಪನ್ಯಾಸಗಳು ನಡೆಯುತ್ತವೆ, ಹೆಚ್ಚಾಗಿ ಭಾನುವಾರ. ಒಮ್ಮೆ ಬೆಳಕು ಮತ್ತು ಅಣುಗಳ ಕುರಿತ ಇಂಥದೊಂದು ಉಪನ್ಯಾಸಕ್ಕೆ ತುಮಕೂರಿನಿಂದ ಏಳು ಮಕ್ಕಳನ್ನು ಕರೆದೊಯ್ದಿದ್ದೆ. ಹುಡುಗಿಯರು ಇಬ್ಬರೇ. ಉಳಿದ ಹೆಣ್ಣುಮಕ್ಕಳ ತಾಯಂದಿರು ಒಪ್ಪಿದ್ದರೂ ಮನೆಯ ಹಿರಿಯರು, "ಇದರಿಂದ ಮಾರ್ಕ್ಸ್ ಸಿಗುತ್ತದೆಯೇ ಉಸ್ತಾದರೇ?" ಎಂದು ಕೇಳಿದ್ದರು. ಇಂಗ್ಲಿಷ್ ಉಪನ್ಯಾಸ, ಅರ್ಧದಷ್ಟು ನನಗೂ ದಕ್ಕಲಿಲ್ಲ. ಕೊನೆಯಲ್ಲಿ ಪ್ರಶ್ನೆ ಕೇಳಬಹುದೆಂದಾಗ ಒಂಬತ್ತನೆಯ ತರಗತಿಯ ಹುಡುಗಿ ಮಫ್ತಾ ಸರಿಪಡಿಸಿಕೊಂಡು ಎದ್ದು ನಿಂತು ಕನ್ನಡದಲ್ಲೇ ಕೇಳಿದಳು: "ಬೆಳಕು ಕಳೆದುಕೊಂಡ ಶಕ್ತಿ ಎಲ್ಲಿಗೆ ಹೋಗುತ್ತದೆ ಸರ್?"

ವಿಜ್ಞಾನಿ ಕನ್ನಡದಲ್ಲೇ ಉತ್ತರಿಸಿದರು. ಆ ಶಕ್ತಿ ಅಣುವನ್ನು ಅಲುಗಾಡಿಸಲು ಖರ್ಚಾಗುತ್ತದೆ. ಒಂದೊಂದು ವಸ್ತುವಿನ ಅಣು ಒಂದೊಂದು ರೀತಿ ಅಲುಗುವುದರಿಂದ ಬಣ್ಣದ ಬದಲಾವಣೆಯೇ ಅದರ ಬೆರಳಚ್ಚು. ರತ್ನ ಅಸಲಿಯೇ, ಔಷಧ ಕಲಬೆರಕೆಯೇ ಎಂದು ಪುಡಿಮಾಡದೆ ಪರೀಕ್ಷಿಸುವುದು ಇದರಿಂದಲೇ.

ಮರಳುವಾಗ ರೈಲಿನಲ್ಲಿ ಅವಳದು ಇನ್ನೊಂದು ಪ್ರಶ್ನೆ. ಮೊದಲೇ ಅಲುಗುತ್ತಿರುವ ಅಣು ಬೆಳಕಿಗೆ ಶಕ್ತಿ ಕೊಡುವುದುಂಟೇ? ಮರುದಿನ ಪುಸ್ತಕ ನೋಡಿ ಹೇಳಿದೆ: ಉಂಟು, ಆದರೆ ಅಂಥ ಬೆಳಕು ಬಹಳ ಮಂದ.